ವಿಠೋಬ ಮಾಮನ ಹೆಬ್ಬೆಟ್ಟು

ನನಗೊಂದು ಬ್ಲಾಗ್ ಇದೆ. ಹೀಗೆ ಹೇಳುವಾಗ ನನ್ನ ದನಿಯಲ್ಲಿ ಸಣ್ಣದೊಂದು ಗತ್ತು ಬರುತ್ತದೆ. "ಹೌದಾ? ಎಂತಾ ಬರೀತ್ರಿ?" ಎಂದು ಎದುರಿನವರು ಕೇಳಿದ ಕೂಡಲೇ ಅದು ಇಳಿದೂ ಹೋಗುತ್ತದೆ. ಯಾಕೆಂದರೆ ನಾನು ಅದರಲ್ಲಿ ಏನನ್ನೂ ಬರೆದಿಲ್ಲ. ಅಲ್ಲಿರುವುದು ಒಂದೇ ಬರಹ, "ನಮಸ್ಕಾರ ಜಗತ್ತೇ" ಎಂಬುದು. ಅದೂ ನನ್ನದಲ್ಲ, ತಂತ್ರಾಂಶವನ್ನು ಹಾಕಿಕೊಂಡ ದಿನ ಅದು ತಾನೇ ಬರೆದುಕೊಂಡದ್ದು. ಅದರ ಕೆಳಗೊಂದು ಪ್ರತಿಕ್ರಿಯೆಯೂ ಇದೆ, ಅದನ್ನೂ ತಂತ್ರಾಂಶವೇ ಬರೆದಿದೆ. ಆ ಪ್ರತಿಕ್ರಿಯೆಗೆ "ಧನ್ಯವಾದಗಳು, ಹೀಗೇ ಓದುತ್ತಿರಿ" ಎಂದು ಉತ್ತರ ಕೊಟ್ಟವನು ಮಾತ್ರ ಸ್ವತಃ ನಾನು.

ಹಾಗಾದರೆ ಇಷ್ಟು ಕಾಲ ಮಾಡಿದ್ದೇನು ಎಂದು ಕೇಳುತ್ತೀರಿ. ಥೀಮ್ ಸರಿ ಮಾಡಿದೆ ಸ್ವಾಮಿ. ಥೀಮ್ ಎಂದರೆ ಬ್ಲಾಗಿನ ಮುಖ: ತಲೆಬರಹ ಎಲ್ಲಿ ಕೂರಬೇಕು, ಯಾವ ಬಣ್ಣ, ಯಾವ ಅಕ್ಷರ, ಗುಂಡಿ ಎಷ್ಟು ದುಂಡಗಿರಬೇಕು ಇತ್ಯಾದಿ. ನಾನು ಹಾಕಿಕೊಂಡದ್ದು ಓಪನ್ ಸೋರ್ಸ್ ತಂತ್ರಾಂಶ. ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಮಗೆ ಬೇಕಾದಂತೆ ಬದಲಿಸಬಹುದು. ಬದಲಿಸಬಹುದು ಎಂದು ಔದಾರ್ಯ ತೋರಿದ ಮಹನೀಯರು, "ಸಾಕು ಮಾರಾಯಾ, ಇನ್ನು ನಿಲ್ಲಿಸಿ ಬರೆ" ಎಂಬ ಒಂದು ಸಾಲನ್ನೂ ಸೇರಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಬಣ್ಣ ಹಚ್ಚಿಸಿಕೊಳ್ಳುತ್ತವೆ, ಮಳೆ ಮುಗಿದ ಮೇಲೆ ಮರ್ಯಾದೆಯಿಂದ ನೀರಿಗಿಳಿಯುತ್ತವೆ. ನನ್ನದು ಮಾತ್ರ ಬಣ್ಣ ಹಚ್ಚಿಸಿಕೊಳ್ಳುತ್ತಾ ದಡದಲ್ಲೇ ಉಳಿದ ಬೋಟು.

ಇದಕ್ಕೆ ನನ್ನ ಕಸುಬೂ ಕಾರಣ. ಮನೆ ಅಂಕೋಲಾದಲ್ಲಿ, ಅಂಗಡಿ ಕಾರವಾರದಲ್ಲಿ. ಡಿಟಿಪಿ, ಕ್ಸೆರಾಕ್ಸು, ಮುಖ್ಯವಾಗಿ ಲಗ್ನಪತ್ರಿಕೆ. ಇನ್ನೊಬ್ಬರ ಮಾತನ್ನು ಚಂದ ಕಾಣಿಸುವುದರಲ್ಲೇ ಕೂದಲು ಬೆಳ್ಳಗಾದವನಿಗೆ ಸ್ವಂತ ಮಾತು ಆಡಲು ಬಾಯಿ ಬರುವುದಿಲ್ಲ. ಖಾಲಿ ಪುಟ ಕಂಡರೆ ನನಗೆ ಮೊದಲು ಕಾಣುವುದು ಅಂಚು. ಅಂಚಿಗೊಂದು ಬಳ್ಳಿ ಬಿಡಿಸಿದ ಮೇಲೆ ಒಳಗೆ ಏನು ಹೇಳುವುದಿತ್ತು ಎಂಬುದೇ ಮರೆತುಹೋಗಿರುತ್ತದೆ.

ಮೊದಲು ಕೈ ಹಾಕಿದ್ದು ಅಕ್ಷರಗಳಿಗೆ. ಥೀಮ್ ಮಾಡಿದವರು ಇಂಗ್ಲಿಷಿನವರು. ಅವರ ಅಕ್ಷರಗಳು ಶಾಲೆಯ ಪ್ರಾರ್ಥನೆಗೆ ನಿಂತಂತೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮವಕ್ಕೆ ಮೇಲೆ, ಕೆಳಗೆ, ಬಗಲಲ್ಲಿ ಎಲ್ಲ ಕಡೆ ಸಂಸಾರ. ಒತ್ತಕ್ಷರಗಳ ಕಾಲು ತುಂಡಾಗುತ್ತಿತ್ತು. ಸಾಲುಗಳ ನಡುವೆ ಜಾಗ ಬಿಟ್ಟೆ, ಸರಿಹೋಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನೋಡಿ, ನಮ್ಮಲ್ಲಿ ಯಾರಾದರೂ ಮನೆಗೆ ಸುಣ್ಣ ಹೊಡೆಯುವುದು ಕಂಡರೆ ದಾರಿಯಲ್ಲಿ ಹೋಗುವವರು ನಿಂತು ಒಂದು ಮಾತು ಹೇಳದೆ ಮುಂದೆ ಹೋಗುವುದಿಲ್ಲ. ಬಿಣಗಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಕ್ಸೆರಾಕ್ಸಿಗೆ ಬಂದವನು, "ಹಳದಿ ಹಾಕಾ, ದೂರದಿಂದ ಕಾಣ್ತದೆ, ಸೇಫ್ಟಿ" ಎಂದ. ಓದುಗನಿಗೆ ನನ್ನ ಬ್ಲಾಗಿನಿಂದ ಯಾವ ಅಪಾಯ ಎಂದು ಕೇಳಲಿಲ್ಲ, ಹಾಕಿದೆ. ಸದಾಶಿವಗಡದ ಟೀಚರೊಬ್ಬರು ಎಡಗಡೆ ಕೆಂಪು ಗೆರೆ ಬೇಕೇಬೇಕು ಎಂದರು. ಎಳೆದೆ. ಎದುರಿನ ಹೋಟೆಲಿನಿಂದ ಚಾ ತರುವಾತ, "ಮೇಲೆ ಕುಲದೇವತಾ ಪ್ರಸನ್ನ ಇಲ್ದೇ ಎಂತಾ ಶುರು ಮಾಡ್ತ್ರಿ?" ಎಂದ. ಅದು ನಾನೇ ಮರೆಯಬಾರದಿದ್ದ ವಿಷಯ, ನಾಚಿಕೆಯಾಗಿ ಅದನ್ನೂ ಹಾಕಿದೆ.

ಇನ್ನು ವಿಠೋಬ ಮಾಮ. ನನ್ನ ಅಮ್ಮನ ತಮ್ಮ. ಬೈತಖೋಲ ಬಂದರಿನಲ್ಲಿ ಮೂಟೆ ಹೊತ್ತು, ಹಗ್ಗ ಎಳೆದು ದುಡಿದವರು. ಈಗ ಹಗ್ಗ ಬಿಟ್ಟಿದ್ದಾರೆ, ಆದರೆ ಅದು ಮಾಡಿಟ್ಟುಹೋದ ಹೆಬ್ಬೆಟ್ಟು ಹಾಗೇ ಇದೆ: ಅಗಲವಾಗಿ, ತುದಿ ಚಪ್ಪಟೆಯಾಗಿ, ದೋಸೆ ಮಗುಚುವ ಸಟ್ಟುಗದ ಹಾಗೆ. ಪ್ರತಿ ಭಾನುವಾರ ಬಸ್ಸು ಹತ್ತಿ ಅಕ್ಕನನ್ನು ನೋಡಲು ಅಂಕೋಲಾಕ್ಕೆ ಬರುತ್ತಿದ್ದರು, ಕೈಯಲ್ಲಿ ಬಾಂಗಡೆಯ ಚೀಲ. ಮೀನು ಬೇಯುವ ತನಕ ತಮ್ಮ ಮೊಬೈಲಿನಲ್ಲಿ ನನ್ನ ಬ್ಲಾಗ್ ತೆರೆದು ಕೂರುವುದು. "ಓದಿ" ಎಂಬ ಗುಂಡಿ ಒತ್ತಹೋದರೆ ಅವರ ಹೆಬ್ಬೆಟ್ಟು ಪಕ್ಕದ "ಹಂಚಿಕೊಳ್ಳಿ" ಗುಂಡಿಯನ್ನೂ ಸೇರಿಸಿಯೇ ಒತ್ತುತ್ತಿತ್ತು. ಹೀಗಾಗಿ "ನಮಸ್ಕಾರ ಜಗತ್ತೇ" ವಾರವಾರವೂ ಕುಟುಂಬದ ಗ್ರೂಪಿಗೆ ಹೋಗುತ್ತಿತ್ತು. ನೆಂಟರೆಲ್ಲ ವಿನಯದಿಂದ "ನಮಸ್ಕಾರ ಮಾಮಾ" ಎಂದು ಉತ್ತರಿಸುತ್ತಿದ್ದರು.

"ಎಂತಾ ಗುಂಡಿ ಇದು ತಮಾ? ಸಾಸಿವೆ ಕಾಳು. ಮನುಷ್ಯರಿಗೆ ಮಾಡಿದ್ದಾ, ಇಲಿಗೆ ಮಾಡಿದ್ದಾ?" ಎಂದು ಒಂದು ಭಾನುವಾರ ಮಾಮ ರೇಗಿದರು.

ಅಂದು ಇಬ್ಬರೂ ಕೂತೆವು. ನಾನು ಗುಂಡಿಯನ್ನು ಚೂರು ದೊಡ್ಡದು ಮಾಡುವುದು, ಅವರು ಒತ್ತುವುದು. ತಪ್ಪಿದರೆ ಇನ್ನೂ ಚೂರು ದೊಡ್ಡದು. ಕಡೆಗೆ ಹೆಬ್ಬೆಟ್ಟು ಸರಿಯಾಗಿ ತಾಗಿತು. ಮಾಮನಿಗೆ ಎಷ್ಟು ಖುಷಿಯಾಯಿತೆಂದರೆ ತಿಂದದ್ದು ಬಾಂಗಡೆಯೋ ಬೇರೆ ಮೀನೋ ಗೊತ್ತಾಗಲಿಲ್ಲ.

ಇಲ್ಲಿ ಸ್ವಲ್ಪ ಲಗ್ನಪತ್ರಿಕೆಯ ಶಾಸ್ತ್ರ ಹೇಳಬೇಕು. ನಮ್ಮ ಕಡೆ ಪತ್ರಿಕೆಯಲ್ಲಿ ವಧೂವರರ ಹೆಸರು ತಪ್ಪಿದರೆ ಜನ ನಕ್ಕು ಬಿಡುತ್ತಾರೆ. ಕೆಳಗೆ "ಆಗಮನಾಭಿಲಾಷಿಗಳು" ಎಂದಿರುತ್ತದಲ್ಲ, ಅಲ್ಲಿ ಒಬ್ಬ ದೊಡ್ಡಪ್ಪನ ಹೆಸರು ಬಿಟ್ಟುಹೋದರೆ ಮುಗಿಯಿತು. ಆ ದೊಡ್ಡಪ್ಪ ಮದುವೆಗೆ ಬರುವುದಿಲ್ಲ, ಅವರ ಮಕ್ಕಳು ಬಂದರೂ ಊಟ ಮಾಡುವುದಿಲ್ಲ. ನನ್ನ ಅಂಗಡಿಯಲ್ಲಿ ಆ ಒಂದು ಭಾಗವನ್ನು ಮನೆಯವರು ಬೆರಳಿಟ್ಟು ಓದುತ್ತಾರೆ, ಮಿಕ್ಕದ್ದನ್ನು ನೋಡುವುದೂ ಇಲ್ಲ. ಈಗ ನನ್ನ ಥೀಮಿನ ಅಡಿಯಲ್ಲೂ "ಕೈಜೋಡಿಸಿದವರು" ಎಂದೊಂದು ಸಾಲು ಇತ್ತು. ಅದರಲ್ಲಿ ಯಾವ್ಯಾವುದೋ ದೇಶದವರ ಹೆಸರು. ಹಳೇ ಅಭ್ಯಾಸ, ಕೈ ಸುಮ್ಮನಿರಲಿಲ್ಲ. ಹಳದಿಯ ಗೆಳೆಯ, ಕೆಂಪು ಗೆರೆಯ ಟೀಚರು, ಚಾ ತರುವಾತ, ಎಲ್ಲರನ್ನೂ ಅದರಲ್ಲಿ ಸೇರಿಸಿದೆ. ಮಾಮನ ಹೆಸರು ಹಾಕಲಿಲ್ಲ.

ಮರೆತದ್ದಲ್ಲ, ಯೋಚಿಸಿಯೇ ಬಿಟ್ಟದ್ದು. ಮನೆಯವರಿಗೆ ಯಾರಾದರೂ ಉಪಕಾರ ಹೇಳುತ್ತಾರೆಯೇ? ಅಮ್ಮ ಅನ್ನ ಬಡಿಸಿದಾಗ "ಥ್ಯಾಂಕ್ಸ್" ಎಂದರೆ ಸೌಟಿನಲ್ಲೇ ಹೊಡೆದಾಳು. ಮಾಮನ ಹೆಸರು ಹಾಕಿದರೆ ಅವರನ್ನು ಹೊರಗಿನವರನ್ನಾಗಿ ಮಾಡಿದಂತೆ ಎಂಬುದು ನನ್ನ ಲೆಕ್ಕ. ಮಾಮನ ಲೆಕ್ಕ ಬೇರೆ ಇತ್ತು.

ಮುಂದಿನ ಭಾನುವಾರ ಅವರು ಬ್ಲಾಗಿನ ತಳದವರೆಗೂ ಇಳಿದು, ಕನ್ನಡಕ ಸರಿ ಮಾಡಿಕೊಂಡು, ಮತ್ತೊಮ್ಮೆ ಓದಿದರು. "ಚಾ ತಂದವ ಇದ್ದಾ" ಎಂದರು, ಅಷ್ಟೇ. ತಾವೇ ತಂದ ಮೀನನ್ನು ಮುಟ್ಟದೆ ಚಪ್ಪಲಿ ಮೆಟ್ಟಿ ಹೊರಟರು. ಅಮ್ಮ ಗೇಟಿನವರೆಗೆ ಓಡಿದಳು, ಪ್ರಯೋಜನವಾಗಲಿಲ್ಲ.

ಆ ಸಂಜೆಯೇ "ಶ್ರೀ ವಿಠೋಬ ಮಾಮ, ಬೈತಖೋಲ" ಎಂದು ಎಲ್ಲರಿಗಿಂತ ಮೊದಲು ಹಾಕಿ ಫೋನು ಮಾಡಿದೆ. ಮಾಮ ಕರಗಿದರು. ಮರುವಾರ ಬಾಂಗಡೆಯ ಬದಲು ದುಬಾರಿ ಇಸ್ವಣ ಮೀನೇ ಬಂತು. ಹೆಸರನ್ನು ತೋರಿಸಲು ಅವರು ಬಂದರಿನ ಚಾದಂಗಡಿಗೆ ದಿನಾ ಹೋಗತೊಡಗಿದರು.

ಅಷ್ಟರಲ್ಲಿ ಥೀಮಿನ ಹೊಸ ಆವೃತ್ತಿ ಬಂತು. ಹಾಕಲೇ ಎಂದು ಕೇಳಿತು, ಹಾಕು ಎಂದೆ. ಥೀಮ್ ತಿದ್ದುವವರಿಗೆಲ್ಲ ಮೊದಲು ಹೇಳಿಕೊಡುವ ಪಾಠವೊಂದಿದೆ: ಮೂಲ ಥೀಮಿಗೆ ಕೈ ಹಾಕಬೇಡಿ, ಅದಕ್ಕೊಂದು ಮರಿ ಥೀಮ್ ಮಾಡಿಕೊಂಡು ಅದರಲ್ಲಿ ತಿದ್ದಿ, ಇಲ್ಲದಿದ್ದರೆ ಹೊಸ ಆವೃತ್ತಿ ನೀವು ಮಾಡಿದ್ದನ್ನೆಲ್ಲ ಒರೆಸಿಹಾಕುತ್ತದೆ. ನಾನು ಓದಿದ್ದೆ. ಒಂದನ್ನು ಸಾಕುವುದೇ ಕಷ್ಟ, ಇನ್ನು ಮರಿ ಬೇರೆಯೇ ಎಂದು ಬಿಟ್ಟಿದ್ದೆ. ಗುಂಡಿ ಮತ್ತೆ ಸಾಸಿವೆಯಾಯಿತು, ಒತ್ತಕ್ಷರಗಳ ಕಾಲು ಹೋಯಿತು, ಕುಲದೇವತೆಯೂ ಹೋದಳು. ಸರಿಯಾಗಿ ಆ ಹೊತ್ತಿಗೆ ಮಾಮ ಚಾದಂಗಡಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ತಳಕ್ಕೆ ಇಳಿಯುತ್ತಿದ್ದರು.

ಫೋನು ಬಂತು. "ತೆಗದ್ಯಾ?"

"ಮಾಮಾ, ನಾನಲ್ಲ, ಹೊಸ ಆವೃತ್ತಿ... ಮರಿ ಮಾಡ್ಕೊಳ್ಬೇಕಿತ್ತು, ಮಾಡಿರ್ಲಿಲ್ಲ..."

"ಮರಿ ಇಲ್ಲ ಅಂತ ಮಾಮನ್ನ ತೆಗದ್ಯಾ?" ಎಂದರು ಮಾಮ. "ಇವತ್ತು ಹಾಕ್ತಿ, ನಾಳೆ ತೆಗೀತಿ. ಮಂದಿ ಎದ್ರಿಗೆ ನನ್ನ ಮುಖ ಎಲ್ಲಿ ಇಡೂದು? ಈ ಚೌತಿಗೆ ಫಲಾವಳಿ ನೀನೇ ಕಟ್ಕೊ. ನಾ ಬರೂದಿಲ್ಲ."

ಚೌತಿಗೆ ಗಣಪತಿಯ ತಲೆಯ ಮೇಲೆ ಮರದ ಚೌಕಟ್ಟು ತೂಗುಹಾಕಿ, ಅದಕ್ಕೆ ತೆಂಗಿನಕಾಯಿ, ಮೊಗೆಕಾಯಿ, ಹೀರೆಕಾಯಿ, ಅಡಿಕೆಯ ಸಿಂಗಾರ ಎಲ್ಲ ಕಟ್ಟುವುದೇ ಫಲಾವಳಿ. ನಮ್ಮ ಮನೆಯಲ್ಲಿ ಅದನ್ನು ಕಟ್ಟುವುದು ಮಾಮನೇ. ಅವರ ಗಂಟು ಜಗ್ಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಮ್ಮನ ತವರಿನಿಂದ ಉಳಿದವರು ಅವರೊಬ್ಬರೇ. ವಿಷಯ ತಿಳಿದ ಅಮ್ಮ ಊಟದ ತಟ್ಟೆಯನ್ನು ಹಿಂದಕ್ಕೆ ಸರಿಸಿ, "ಊರ ಮಂದಿ ಲಗ್ನಕ್ಕೆಲ್ಲ ಹೆಸ್ರು ಹಾಕ್ತಿ. ನನ್ನ ತಮ್ಮಂದೊಂದು ಹೆಸ್ರು ನಿಂಗೆ ಭಾರ ಆಯ್ತಾ? ಅವ ಬರದಿದ್ರೆ ಗಣಪತಿ ತರೂದೇ ಬೇಡ" ಎಂದಳು. ನಾನು ನಗಲು ನೋಡಿದೆ. ಅವಳ ಕಣ್ಣು ತುಂಬಿತ್ತು. ಗುಂಡಿಯ ವಿಷಯ ಇಲ್ಲಿಯವರೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮತ್ತೆ ನನ್ನ ಬ್ಲಾಗಿನಲ್ಲಿ ಹೆಸರು ಹಾಕಿದರೆ ಮಾಮ ನಂಬುವವರಲ್ಲ. ಯಾವ ಆವೃತ್ತಿ ಬಂದರೂ ಅಳಿಯದ ಹಾಗೆ ಹಾಕಬೇಕಾದರೆ ಮೂಲಕ್ಕೇ ಹೋಗಬೇಕು. ಆ ಥೀಮನ್ನು ನೋಡಿಕೊಳ್ಳುವವರು ಯಾವುದೋ ಚಳಿದೇಶದವರು. ಅವರಿಗೆ ನನ್ನ ಲಗ್ನಪತ್ರಿಕೆ ಇಂಗ್ಲಿಷಿನಲ್ಲಿ, "ಮಾನ್ಯರೇ, ತಮ್ಮ ಗುಂಡಿಯು ನನ್ನ ಸೋದರಮಾವನವರ ಹೆಬ್ಬೆಟ್ಟಿಗೆ ಸಾಲದು, ತಿದ್ದಿದ ಕೋಡನ್ನು ಲಗತ್ತಿಸಿದ್ದೇನೆ, ಸ್ವೀಕರಿಸಿ ಅವರ ಹೆಸರನ್ನು ಕೈಜೋಡಿಸಿದವರಲ್ಲಿ ಸೇರಿಸಬೇಕಾಗಿ ವಿನಂತಿ" ಎಂದು ಬರೆದೆ. ಆ ಪುಣ್ಯಾತ್ಮರು ನಗಲಿಲ್ಲ. "ಒಳ್ಳೆಯ ಸಲಹೆ. ನಿಮ್ಮ ಮಾವನವರ ಹೆಬ್ಬೆಟ್ಟು ಎಷ್ಟು ಅಗಲವಿದೆ, ಅಳತೆ ಕಳಿಸಬಹುದೇ?" ಎಂದು ಉತ್ತರ ಕೊಟ್ಟರು.

ಸ್ಕೇಲು ಹಿಡಿದು ಬೈತಖೋಲಕ್ಕೆ ಹೋದೆ. ಮಾಮ ಜಗಲಿಯಲ್ಲಿ ಕೂತಿದ್ದರು. ಬಾ ಎನ್ನಲಿಲ್ಲ.

"ಮಾಮಾ, ನಿಮ್ಮ ಹೆಬ್ಬೆಟ್ಟು ಬೇಕಿತ್ತು" ಎಂದೆ.

ಮಾಮ ಗಾಬರಿಯಲ್ಲಿ ಎರಡೂ ಕೈಗಳನ್ನು ಲುಂಗಿಯೊಳಗೆ ಸೇರಿಸಿಬಿಟ್ಟರು. "ಯಾವ ಪತ್ರಕ್ಕಾ? ಜಾಗ ಬರಕೊಳ್ಳೂಕೆ ಬಂದ್ಯಾ? ನಂಗೆ ಸಹಿ ಮಾಡೂಕೆ ಬರ್ತದೆ, ಹೆಬ್ಬೆಟ್ಟು ಒತ್ತೂದಿಲ್ಲ!"

ಪರದೇಶದವರು ಅವರ ಹೆಬ್ಬೆಟ್ಟಿನ ಅಳತೆ ಕೇಳಿದ್ದಾರೆ, ಅದರ ಮೇಲೆ ಗುಂಡಿ ಮಾಡುತ್ತಾರೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಅರ್ಥವಾದ ಮೇಲೆ ಮಾಮ ನಿಧಾನವಾಗಿ ಬಲಗೈ ಹೊರತೆಗೆದರು. ಅಳತೆಯ ಫೋಟೋ ಕಳಿಸೋಣವೆಂದು ನಾನು ಮೊಬೈಲ್ ತೆಗೆದೆ. ಒಳಗಿನಿಂದ ಮಾಮಿ, "ತಡಿರಾ, ಹಾಂಗೇ ಫೋಟೋ ತೆಗೀಬೇಡಿ" ಎಂದು ಓಡಿಬಂದು ಹೆಬ್ಬೆಟ್ಟಿಗೆ ಕೊಬ್ಬರಿ ಎಣ್ಣೆ ಸವರಿ, ಸೆರಗಿನಿಂದ ಒರೆಸಿದರು. ಸ್ಕೇಲಿನ ಮೇಲೆ ಹೆಬ್ಬೆಟ್ಟನ್ನಿಟ್ಟು ಮಾಮ ಉಸಿರು ಬಿಗಿಹಿಡಿದು ಕೂತರು. ಹೆಬ್ಬೆಟ್ಟಿನ ಫೋಟೋಕ್ಕೆ ಅವರು ತಲೆಯನ್ನೂ ಬಾಚಿಕೊಂಡಿದ್ದರು. ಆದರೂ ನಾನು ಹೊರಡುವಾಗ, "ಹೆಸ್ರು ಬರಲಿ, ಮತ್ತೆ ಫಲಾವಳಿ ಮಾತು" ಎಂದರು.

ಅಳತೆ ಕಳಿಸಿದ ಮೇಲೆ ಥೀಮಿನವರ ನಡುವೆ ಚರ್ಚೆ ನಡೆಯಿತು. ನಾನು ಕಂಡಿರದ, ಕಾಣದ ಜನ ಮಾಮನ ಹೆಬ್ಬೆಟ್ಟಿನ ಬಗ್ಗೆ ಬಹಳ ಗಂಭೀರವಾಗಿ ಮಾತಾಡಿದರು. ಒಬ್ಬರು ಅಷ್ಟು ದೊಡ್ಡ ಗುಂಡಿ ಚಂದ ಕಾಣದು ಎಂದರು. ಇನ್ನೊಬ್ಬರು ತಮ್ಮ ಅಜ್ಜಿಯ ಹೆಬ್ಬೆಟ್ಟೂ ಹೀಗೇ ಇದೆ, ಮಾಮ ಹೇಳುವುದೇ ಸರಿ ಎಂದರು. ಆ ಅಜ್ಜಿಯ ಸುದ್ದಿ ಕೇಳಿ ಮಾಮನಿಗೆ ಕಕ್ಕುಲತೆ ಬಂದು, "ಪಾಪ, ಅವ್ರೂ ಹಗ್ಗ ಎಳೀತಿದ್ರೇನೋ" ಎಂದು ಫೋನಿನಲ್ಲಿ ವಿಚಾರಿಸಿದರು. ಚೌತಿ ಹತ್ತಿರ ಬಂತು, ಹೆಸರು ಬರಲಿಲ್ಲ. ಅಮ್ಮ ಚೌಕಟ್ಟನ್ನು ಅಟ್ಟದಿಂದ ಇಳಿಸಗೊಡಲಿಲ್ಲ.

ಹಬ್ಬದ ಹಿಂದಿನ ಬೆಳಿಗ್ಗೆ ಹೊಸ ಆವೃತ್ತಿ ಬಂತು. ಕೂಡಲೇ ಹಾಕಿದೆ. ಗುಂಡಿ ದೊಡ್ಡದಾಗಿತ್ತು. ತಳಕ್ಕಿಳಿದರೆ, ಚಳಿದೇಶದ ಹೆಸರುಗಳ ನಡುವೆ ವಿಠೋಬ ಮಾಮ, ಬೈತಖೋಲ. ಅದು ನನ್ನ ಬ್ಲಾಗಿನಲ್ಲಿ ಮಾತ್ರವಲ್ಲ, ಆ ಥೀಮ್ ಹಾಕಿಕೊಂಡ ಎಲ್ಲರ ಬ್ಲಾಗಿನಲ್ಲೂ. ಎಲ್ಲೋ ಒಬ್ಬ ಹೆಂಗಸು ತನ್ನ ಬೆಕ್ಕಿನ ಫೋಟೋಗಳನ್ನಷ್ಟೇ ಹಾಕುವ ಬ್ಲಾಗಿನ ಅಡಿಯಲ್ಲೂ ನಮ್ಮ ಮಾಮನಿದ್ದರು. ಆ ಪುಟದ ಕೊಂಡಿಯನ್ನು ಅವರಿಗೆ ಕಳಿಸಿದೆ. "ಬೆಕ್ಕು ಚಲೋ ಅದೆ" ಎಂದು ಉತ್ತರ ಬಂತು. ಮಧ್ಯಾಹ್ನದ ಬಸ್ಸಿಗೆ ಮಾಮನೇ ಬಂದಿಳಿದರು, ಹೆಗಲ ಮೇಲೆ ಸಿಂಗಾರ, ಮೊಗೆಕಾಯಿ. ಅಮ್ಮ ಏನೂ ಆಗದವಳ ಹಾಗೆ, "ಎಷ್ಟು ತಡ ಮಾಡ್ದೆ" ಎಂದು ಗದರಿ ಒಳಗೆ ಹೋಗಿ ಮೂಗು ಒರೆಸಿಕೊಂಡಳು.

ಫಲಾವಳಿ ಕಟ್ಟಿ ಮುಗಿಸಿ ಮಾಮ ಮೊಬೈಲ್ ತೆಗೆದರು. ಹೆಬ್ಬೆಟ್ಟಿಟ್ಟರು. ಮೊದಲ ಏಟಿಗೇ "ಓದಿ" ಗುಂಡಿ ತಾಗಿತು. "ನಮಸ್ಕಾರ ಜಗತ್ತೇ" ಬಂತು, ಕೂಡಲೇ ಕೆಳಗೆ ಅವರ ಹೆಸರು ಬಂತು. ಮಾಮ ಹಿಂದೆ ಮುಂದೆ ಮಾಡಿ ನೋಡಿದರು.

"ತಮಾ, ಮತ್ತೆಲ್ಲಿ?"

"ಎಂತಾ ಮಾಮಾ?"

"ನೀ ಬರೆದದ್ದು." ಅವರು ಮೇಲೆ ತೂಗುತ್ತಿದ್ದ ಫಲಾವಳಿಯನ್ನೂ, ಅದರ ಕೆಳಗೆ ಗಣಪತಿ ಇನ್ನೂ ಬಂದು ಕೂರದ ಖಾಲಿ ಮಣೆಯನ್ನೂ ನೋಡಿದರು. "ಕಟ್ಟೂದೆಲ್ಲ ಕಟ್ಟಿದ್ದಿ, ಗಣಪತಿ ತಂದೇ ಇಲ್ಲ. ಆ ಹೆಂಗ್ಸು ಬೆಕ್ಕಾದ್ರೂ ಇಟ್ಟದೆ. ಎಂತದಾದ್ರೂ ಬರೆಯಾ. ಮಂದಿ ಓದ್ತಾ ಓದ್ತಾ ಕೆಳಗೆ ಬರ್ಬೇಕು, ಬಂದ್ರೆ ನನ್ನ ಹೆಸ್ರು ಸಿಗಬೇಕು."

ಅಳತೆ ಕೊಟ್ಟವರ ಮಾತು ಮೀರುವುದು ಹೇಗೆ? ಅದಕ್ಕೇ ಇದನ್ನು ಬರೆದೆ. ಇದು ನನ್ನ ಬ್ಲಾಗಿನಲ್ಲಿ ನಾನೇ ಬರೆದ ಮೊದಲ ಬರಹ. ಹೇಳಿಕೊಳ್ಳುವಂಥದ್ದೇನೂ ಇದರಲ್ಲಿಲ್ಲ; ಆದರೂ ಇಷ್ಟು ದೂರ ಬಂದಿದ್ದೀರಿ, ಇನ್ನೊಂದು ಚೂರು ಕೆಳಗೆ ಇಳಿಯಿರಿ. ಅಲ್ಲೊಂದು ಹೆಸರಿದೆ. ಅದನ್ನೊಮ್ಮೆ ಒತ್ತಿ, ಎಂಥ ಹೆಬ್ಬೆಟ್ಟಾದರೂ ತಾಗುತ್ತದೆ.