ಅಪ್ಪನ ಬಿ.ಪಿ., ಅಕ್ಕನ ಪೇಪರು

ನಮ್ಮಕ್ಕ ಸೂಜಿ ಚುಚ್ಚುವ ಡಾಕ್ಟರಲ್ಲ. ಹಾರ್ಮೋನಿಗೂ ರಕ್ತದೊತ್ತಡಕ್ಕೂ ಇರುವ ನಂಟು ಹುಡುಕುತ್ತ ಮೈಸೂರಿನ ಲ್ಯಾಬೊಂದರಲ್ಲಿ ಕೂತವಳು. ಮೂತ್ರಪಿಂಡದ ಮೇಲೆ ಪುಟ್ಟ ಗ್ರಂಥಿಯಿದೆಯಂತೆ. ಅದರ ಹಾರ್ಮೋನೊಂದು ಮೈಯಲ್ಲಿ ಉಪ್ಪನ್ನು ಹಿಡಿದಿಡುತ್ತದಂತೆ, ಅದು ಹೆಚ್ಚಾದರೆ ಬಿ.ಪಿ. ಏರುತ್ತದಂತೆ. ತೊಂಬತ್ತರ ದಶಕದಲ್ಲಿ ಅದರ ಮೇಲೆ ಪೇಪರಿನ ಮೇಲೆ ಪೇಪರು ಬರೆದಳು. ಅಚ್ಚಾದ ಪ್ರತಿ ಹೊಳೆನರಸೀಪುರದ ಮನೆಗೆ ಬಂದರೆ ಸಾಕು, ಅಪ್ಪ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಡುತ್ತಿದ್ದರು. ಒಂದಕ್ಷರ ಅರ್ಥವಾಗುತ್ತಿರಲಿಲ್ಲ. "ನನ್ನ ಮಂತ್ರ ಅವಳಿಗೆ ಅರ್ಥವಾಗುತ್ತಾ? ಅಲ್ಲಿಗಲ್ಲಿಗೆ ಸರಿಹೋಯ್ತು ಬಿಡು," ಎನ್ನುತ್ತಿದ್ದರು.

ಅಪ್ಪ ದೇವಸ್ಥಾನದ ಅರ್ಚಕರು. ಗಂಟಲೇ ಅವರ ಆಸ್ತಿ. ಮನೆಗೆ ಹಾಲು ಕೊಡುತ್ತಿದ್ದ ಗೌಡ್ರು, "ಅಯ್ನೋರು ಬಾಯ್ ತೆಗುದ್ರೆ ವಳೆ ಆಚೆಗಂಟ ಕೇಳುಸ್ತದೆ ಕಣವ್ವ," ಎಂದು ಅಮ್ಮನಿಗೆ ಹೇಳುತ್ತಿದ್ದರು. ವಯಸ್ಸಾಗುತ್ತ ಆ ದನಿ ಒಡೆಯತೊಡಗಿತು. ಅಮ್ಮ ಗ್ರಂಧಿಗೆ ಅಂಗಡಿಯಿಂದ ಜೇಷ್ಠಮಧುವಿನ ಬೇರು ತಂದಳು. ಬೆಳಿಗ್ಗೆ ಸ್ನಾನವಾದ ಕೂಡಲೇ ತುಂಡು ಮಾಡಿ ಅಪ್ಪನ ಕೈಗಿಡುವುದು, ಪೂಜೆಯ ಹೊತ್ತು ಬಿಟ್ಟು ಅವರು ದಿನವಿಡೀ ಆ ಸಿಹಿ ಬೇರನ್ನು ದವಡೆಯಲ್ಲಿಟ್ಟುಕೊಂಡು ಅಗಿಯುವುದು. ದನಿ ತಿಳಿಯಾಯಿತು, ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ.

ಕೆಲವು ವರ್ಷಗಳಲ್ಲಿ ಅಪ್ಪನಿಗೆ ಬಿ.ಪಿ. ಬಂತು. ಹಾಸನದ ಡಾಕ್ಟರು ಮಾತ್ರೆ ಕೊಟ್ಟರು, ಇಳಿಯಲಿಲ್ಲ. ಇನ್ನೊಂದು ಸೇರಿಸಿದರು, ಅದಕ್ಕೂ ಜಗ್ಗಲಿಲ್ಲ. ಕಾಲಲ್ಲಿ ಶಕ್ತಿ ಸೋರಿ, ದೇವಸ್ಥಾನದ ಮೆಟ್ಟಿಲು ಹತ್ತಲು ಕಂಬ ಹಿಡಿಯಬೇಕಾಯಿತು. ಅಕ್ಕ ಗಾಬರಿಯಿಂದ ಓಡಿಬಂದಳು. ಮೈಸೂರಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ, ಚನ್ನರಾಯಪಟ್ಟಣದಲ್ಲಿದ್ದ ನನಗೆ ಫೋನು ಮಾಡಿದಳು. "ಆ ಹಾರ್ಮೋನು ಹೆಚ್ಚಿರಬೇಕಿತ್ತು ಕಣೆ. ಇವರಲ್ಲಿ ಇದ್ದೂ ಇಲ್ಲದ ಹಾಗಿದೆ. ಆದ್ರೂ ಮೈಯಲ್ಲಿ ಉಪ್ಪು ನಿಲ್ತಿದೆ. ನನ್ನ ಅಪ್ಪಂದೇ ನನಗೆ ತಿಳೀತಿಲ್ವಲ್ಲೇ!"

ಅಕ್ಕ ಅಪ್ಪನ ಊಟದಲ್ಲಿ ಉಪ್ಪು ನಿಲ್ಲಿಸಿದಳು. ಅಪ್ಪ ಸಪ್ಪೆ ಸಾರು ಸುರಿಯುತ್ತ, "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ನನಗೆ ಮಗಳೇ ತಾಯಾದ್ಳು, ಉಪ್ಪು ಹೋಯ್ತು," ಎಂದು ರೇಗಿಸುತ್ತಿದ್ದರು.

"ಬೇರೆ ಔಷಧಿ ಏನಾದ್ರೂ ತಗೋತಿದೀರಾಪ್ಪ? ನಾಟಿ ಗೀಟಿ?" ಎಂದು ಅಕ್ಕ ಕೇಳಿಯೇ ಕೇಳಿದಳು.

"ರಾಮ ರಾಮ! ನೀನಿರುವಾಗ ನಾಟಿ ಔಷಧಿ ಯಾಕಮ್ಮ?"

ಸುಳ್ಳೇನಲ್ಲ ಅದು. ಕಾಯಿಲೆಗೆ ನುಂಗಿದರೆ ಔಷಧಿ. ಗಂಟಲಿಗೆ ಅಗಿಯುವುದನ್ನು ನಮ್ಮ ಕಡೆ ಯಾರು ಔಷಧಿ ಅನ್ನುತ್ತಾರೆ? ಅದು ಎಲೆ ಅಡಿಕೆ ಇದ್ದ ಹಾಗೆ. ಅಕ್ಕನ ಕಣ್ಣಿಗೂ ಅದು ಬೀಳಲಿಲ್ಲ. ಅವಳು ಬರುವುದೇ ಅಪರೂಪ. ಬಂದಾಗ ಅಪ್ಪ ಬಾಯಿ ಖಾಲಿ ಇಟ್ಟುಕೊಳ್ಳುತ್ತಿದ್ದರು, ಮಗಳ ಜೊತೆ ಮಾತಾಡಬೇಕಲ್ಲ.

ಒಂದು ಬೆಳಿಗ್ಗೆ ಅಭಿಷೇಕ ಮಾಡುತ್ತಲೇ ಅಪ್ಪ ಗರ್ಭಗುಡಿಯಲ್ಲಿ ಕುಸಿದರು. ಮಿದುಳಿನಲ್ಲಿ ರಕ್ತಸ್ರಾವ ಎಂದರು ಹಾಸನದ ಆಸ್ಪತ್ರೆಯಲ್ಲಿ. ಅಪ್ಪ ಮತ್ತೆ ಮಾತಾಡಲಿಲ್ಲ, ಮನೆಗೂ ಬರಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಅಪ್ಪನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಫೋಟೋದ ಮುಂದೆ ಎಲೆ ಹಾಕಿದೆವು. ಎಲ್ಲದಕ್ಕೂ ಉಪ್ಪು ಹಾಕಿದ್ದೆವು. ಕೊನೆಗೆ ಅಮ್ಮ ಬಂದು ಎಲೆಯ ತುದಿಯಲ್ಲಿ ಬೇರಿನ ತುಂಡುಗಳನ್ನಿಟ್ಟಳು.

"ಇದೇನಮ್ಮ?" ಎಂದಳು ಅಕ್ಕ.

"ಜೇಷ್ಠಮಧು. ಅಷ್ಟು ವರ್ಷ ದಿನಾ ಬಾಯಲ್ಲಿರ್ತಿತ್ತಲ್ಲ, ಪಾಪ."

ಅಕ್ಕನ ಮುಖ ಬಿಳುಚಿಕೊಂಡಿತು. ನನ್ನನ್ನು ಹಿತ್ತಲಿಗೆಳೆದು ಹೇಳಿದಳು: ಆ ಬೇರನ್ನು ಹೆಚ್ಚು ತಿಂದರೆ, ಹಾರ್ಮೋನು ಇಲ್ಲದಿದ್ದರೂ ಹಾರ್ಮೋನು ಹೆಚ್ಚಾದ ಹಾಗೆಯೇ ಮೈ ಉಪ್ಪನ್ನು ಹಿಡಿದಿಡುತ್ತದೆ. ಅವಳು ಓದಿದ ಪುಸ್ತಕಗಳಲ್ಲೆಲ್ಲ ಇತ್ತಂತೆ. "ಬಿಟ್ಟಿದ್ರೆ ಸಾಕಿತ್ತು ಕಣೆ. ಬಿಟ್ಟಿದ್ರೆ ಸಾಕಿತ್ತು." ನನಗೆ ಆ ಪೇಪರುಗಳನ್ನೆಲ್ಲ ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಅವಳ ಅಳು ನೋಡಿ ಸಿಟ್ಟಿಳಿಯಿತು. ಅಮ್ಮನಿಗೆ ಮಾತ್ರ ತಿಳಿಯಕೂಡದು ಎಂದುಕೊಂಡು ಕಣ್ಣೊರೆಸಿ ಒಳಗೆ ಬಂದೆವು.

ಅಮ್ಮ ನಮ್ಮಿಬ್ಬರ ಮುಖ ನೋಡಿದಳು. "ಇದರಲ್ಲೇನಾದ್ರೂ ದೋಷ ಇತ್ತೇನೆ?"

"ಇಲ್ಲಮ್ಮ. ಗಂಟಲಿಗೆ ಒಳ್ಳೇದು," ಎಂದಳು ಅಕ್ಕ.

"ಹಾಗಾದ್ರೆ ನಾನೂ ಒಂಚೂರು ಹಾಕ್ಕೋತೀನಿ. ಅತ್ತೂ ಅತ್ತೂ ಗಂಟಲು ಕಟ್ಟಿಹೋಗಿದೆ," ಎಂದು ಅಮ್ಮ ಒಂದು ತುಂಡನ್ನು ಬಾಯಿಗೆ ಒಯ್ದಳು.

ಅಕ್ಕ ಹಾರಿ ಅವಳ ಕೈಗೆ ಹೊಡೆದಳು.

ಅಮ್ಮ ಕೆಂಪಾದ ಕೈಯನ್ನೇ ನೋಡುತ್ತ ನಿಂತಳು. "ನಾನೇ ಅಲ್ವೇನೇ," ಎಂದಳು, "ದಿನಾ ಕತ್ತರಿಸಿ ಕೊಡ್ತಿದ್ದಿದ್ದು."