ಅಪ್ಪನನ್ನು ರೈಲು ಹತ್ತಿಸಲು ಹೋದ ದಿನ

ನಾನು ಚಿಕ್ಕವಳಿದ್ದಾಗ ಅಪ್ಪ ಎಂದರೆ ವರ್ಷಕ್ಕೊಮ್ಮೆ ಬಂದುಹೋಗುವವರು. ಮಿಲಿಟರಿಯಲ್ಲಿದ್ದರು. ಬಿಳಿಗೆರೆ ಕಡೆಯ ನಮ್ಮ ಹಳ್ಳಿಗೆ ಅವರು ರಜೆಯ ಮೇಲೆ ಬಂದರೆ ಮೊದಲ ವಾರ ನಾನು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಸಲಿಗೆ ಬೆಳೆದು ಹೆಗಲೇರುವ ಹೊತ್ತಿಗೆ ರಜೆ ಮುಗಿದಿರುತ್ತಿತ್ತು.

ಆ ಸಲ ಅವರು ಹೊರಟಾಗ, "ನಾನೂ ಬತ್ತೀನಿ" ಎಂದು ಹಟ ಹಿಡಿದೆ. ಅವ್ವ ತುಂಬಿದ ಬಸುರಿ. ಆದರೂ ನನ್ನನ್ನು ಕರೆದುಕೊಂಡು ನಂಜನಗೂಡಿನ ಸ್ಟೇಷನ್ನಿಗೆ ಬಂದಳು. ಬಸ್ಸಿನಲ್ಲಿ ನಿಂತುಕೊಂಡೇ ಬಂದೆವು. ಅಪ್ಪನ ತಗಡಿನ ಟ್ರಂಕು ಬಿಸಿಲಿಗೆ ಕಾದು ಮುಟ್ಟಿದರೆ ಸುಡುತ್ತಿತ್ತು.

ಎಷ್ಟು ಹೊತ್ತಾದರೂ ರೈಲು ಬರಲಿಲ್ಲ. ಮಧ್ಯಾಹ್ನ ಕಳೆಯಿತು. ಕಲ್ಲಿದ್ದಲ ಹೊಗೆಯ ವಾಸನೆ, ನೊಣಗಳು, ಬೇವಿನ ಮರದ ಚೂರೇ ಚೂರು ನೆರಳು. ಹೇಳುವುದನ್ನೆಲ್ಲ ಹೇಳಿ ಮುಗಿಸಿದವರ ಹಾಗೆ ಅಪ್ಪ, ಅವ್ವ ಹಳಿಯನ್ನೇ ನೋಡುತ್ತ ಕೂತಿದ್ದರು. ನಾನು ಅಪ್ಪನ ತೊಡೆಯ ಮೇಲೆ ತಲೆಯಿಟ್ಟೆ. ಅವರ ಒರಟು ಬೆರಳು ನನ್ನ ಕೂದಲಲ್ಲಿ ಆಡುತ್ತಿತ್ತು. ಅಷ್ಟು ನೆನಪಿದೆ.

ಎಚ್ಚರವಾದಾಗ ನನ್ನ ತಲೆ ಅವ್ವನ ತೊಡೆಯ ಮೇಲಿತ್ತು. ಹಳಿಯ ಮೇಲೆ ಏನೂ ಇರಲಿಲ್ಲ.

"ಅಪ್ಪ ಎಲ್ಲಿ?"

"ಒಂಟೋದ್ರು ಕಣವ್ವ."

ನಾನು ಕಿರುಚಿದೆ. ಎರಡೂ ಕೈಯಲ್ಲಿ ಅವ್ವನ ಬೆನ್ನಿಗೆ ಗುದ್ದಿದೆ. "ನನ್ನ ಯಾಕೆ ಎಬ್ಬಿಸ್ಲಿಲ್ಲ? ಯಾಕೆ?"

ಅವ್ವ ನನ್ನ ಕೈ ಹಿಡಿಯಲಿಲ್ಲ, ಬೈಯಲಿಲ್ಲ. "ಅವ್ರೇ ಬ್ಯಾಡ ಅಂದ್ರು. ನೀ ಅತ್ರೆ ರೈಲು ಏರಕ್ಕೆ ಕಾಲು ಬರಾಕಿಲ್ಲ ಅಂದ್ರು." ಆಮೇಲೆ ತನಗೆ ತಾನೇ ಎಂಬಂತೆ ಹೇಳಿದಳು: "ನಂಗೂ ನಿದ್ದೆ ಬಂದುಬುಟ್ಟಿದ್ರೆ ಚೆಂದಾಗಿರ್ತಿತ್ತು."

ಬಸ್ಸು ನಮ್ಮನ್ನು ರಸ್ತೆಯಲ್ಲೇ ಇಳಿಸಿತು. ಊರು ಒಳಗೆ. ನಾಲೆ ಏರಿಯ ಮೇಲೆ ನಡೆಯಬೇಕು. ಹೊತ್ತು ಇಳಿಯುತ್ತಿತ್ತು, ಗದ್ದೆಯಿಂದ ಹಸಿ ಮಣ್ಣಿನ ತಂಪು ಬರುತ್ತಿತ್ತು. ನಾನು ಮುನಿಸಿನಿಂದ ನೆಲದಲ್ಲೇ ಕೂತುಬಿಟ್ಟೆ. ಅವ್ವ ಬಗ್ಗಿ ನನ್ನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು.

ಅವಳ ಕುತ್ತಿಗೆಯ ಬೆವರು ನನ್ನ ಕೆನ್ನೆಗೆ ಅಂಟಿತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ಮತ್ತೊಮ್ಮೆ ನಿಂತಾಗ ಅವಳ ಮೈಯೆಲ್ಲ ಸಣ್ಣಗೆ ನಡುಗುವುದು ನನಗೆ ತಿಳಿಯಿತು. ಮುಖ ನೋಡಿದೆ. ಸದ್ದಿಲ್ಲದೆ ಅಳುತ್ತಿದ್ದಳು. ಅಪ್ಪ ಹೋದದ್ದು ನನ್ನೊಬ್ಬಳನ್ನು ಬಿಟ್ಟಲ್ಲ ಎಂದು ಆಗ ಹೊಳೆಯಿತು.

"ಅವ್ವ, ಇಳ್ಸು. ನಾನೇ ನಡೀತೀನಿ."

"ಕಾಲು ನೋಯ್ತದೆ ಕಣವ್ವ."

"ನೋಯಾಕಿಲ್ಲ, ಇಳ್ಸು."

ನೋಯುತ್ತಿತ್ತು. ಆದರೂ ಅವಳ ಬೆರಳು ಹಿಡಿದು ಮನೆಯವರೆಗೂ ನಡೆದೆ. ಅಂದು ಒಲೆ ಹಚ್ಚಲಿಲ್ಲ. ಬೆಳಗಿನ ಮುದ್ದೆಯನ್ನೇ ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಮಲಗಿದೆವು.

ಅಪ್ಪ ಮತ್ತೆ ಬರುವ ಹೊತ್ತಿಗೆ ತಮ್ಮ ಹುಟ್ಟಿ, ಗೋಡೆ ಹಿಡಿದು ನಿಲ್ಲುತ್ತಿದ್ದ. ಅಪ್ಪನನ್ನು ಕಂಡು ಅತ್ತು ನನ್ನ ಲಂಗ ಹಿಡಿದುಕೊಂಡ. "ಅಪ್ಪ ಕಣೋ" ಎಂದು ಅವನನ್ನು ಮುಂದೆ ತಳ್ಳಿದವಳು ನಾನೇ.

ಮೊಮ್ಮಕ್ಕಳೇ, ಈಗ ನಿಮ್ಮಪ್ಪನೂ ಮಿಲಿಟರಿ ಸೇರಿ ಗಡಿಯಲ್ಲಿದ್ದಾನೆ. ನರಸೀಪುರದ ಈ ಮನೆಯಲ್ಲಿ ಕೂತೇ ನೀವು ಸಂಜೆ ಫೋನಿನಲ್ಲಿ ಅವನ ಮುಖ ನೋಡುತ್ತೀರಿ, ಏನು ತಿಂದೆ ಎಂದು ಕೇಳುತ್ತೀರಿ. ಅವನ ಗುರುತು ನಿಮಗೆ ಎಂದೂ ಮರೆಯುವುದಿಲ್ಲ. ನನಗೆ ಅದು ದೊಡ್ಡ ಸಮಾಧಾನ. ಆದರೆ ಫೋನು ಕಟ್ಟಾದ ಮೇಲೆ ನಿಮ್ಮಮ್ಮ ಅದನ್ನು ಚಾರ್ಜಿಗೆ ಹಾಕಿ, ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತೇ ಇರುತ್ತಾಳೆ. ನೀವು ನೋಡಿಲ್ಲ, ನಾನು ನೋಡಿದ್ದೇನೆ. ಆಗ "ಊಟ, ಊಟ" ಎಂದು ಕೂಗಬೇಡಿ. ತಟ್ಟೆ ನೀವೇ ಹಾಕಿಕೊಳ್ಳಿ. ಅವಳಿಗೂ ಒಂದು ಹಾಕಿ.