ನಾಲ್ಕು ದವಡೆಯ ಮೇಸ್ತ್ರಿ

ಮೇಸ್ತ್ರಿಯ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಅದರ ಗೆರೆಗಳಲ್ಲಿ ಕೂತ ಎಣ್ಣೆಮಸಿ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಯಾವ ತುಂಡು ಕೆಲಸಕ್ಕೆ ಬಂದರೂ ಮೊದಲು ಕಣ್ಣು ಮುಚ್ಚಿ ಅದರ ಅಂಚಿನ ಸುತ್ತ ಆ ಬೆರಳು ಓಡಿಸುವರು. ಆಮೇಲೇ ಕನ್ನಡಕ. ಚಿನ್ನದ ಗಣಿಯ ಕೆಲಸದಿಂದ ನಿವೃತ್ತರಾಗಿ, ದಿನಾ ಮಾರಿಕುಪ್ಪಂನ ಮನೆಯಿಂದ ರೈಲು ಹಿಡಿದು ಬಂಗಾರಪೇಟೆಯ ನಮ್ಮ ಸಣ್ಣ ವರ್ಕ್‌ಶಾಪಿಗೆ ಬರುತ್ತಿದ್ದರು. ಅದು ಅರವತ್ತರ ದಶಕದ ಆರಂಭ. ನಾನು ಡಿಪ್ಲೊಮಾ ಮುಗಿಸಿ ಸೇರಿದ್ದೆ, ಮದುವೆಯೂ ಆಗಿತ್ತು, ಮೈತುಂಬ ಜಂಬ.

ಯಜಮಾನರು ಹಳೆಯದೊಂದು ರೋಟರಿ ಟೇಬಲ್ ತಂದರು. ತುಂಡನ್ನು ಅಳತೆಗೆ ತಕ್ಕಂತೆ ತಿರುಗಿಸಿ ತೂತು ಕೊರೆಯುವ ಮೇಜು ಅದು. ತುಂಡನ್ನು ಕಚ್ಚಿ ಹಿಡಿಯುವ ಚಕ್ ಇರಲಿಲ್ಲ. ಮೂರು ದವಡೆಯದು ತರಿಸಿ ಎಂದೆ ನಾನು. ಒಂದು ಕೀಲಿ ತಿರುಗಿಸಿದರೆ ಮೂರೂ ಒಟ್ಟಿಗೆ ಬಂದು ತುಂಡನ್ನು ತಾವೇ ನಡುವಿಗೆ ತರುತ್ತವೆ. ಮೇಸ್ತ್ರಿ ಮಾತ್ರ ನಾಲ್ಕು ದವಡೆಯದೇ ಬೇಕೆಂದರು. ಒಂದೊಂದು ದವಡೆಯನ್ನೂ ಬೇರೆಬೇರೆ ಬಿಗಿಯಬೇಕು, ನಿಧಾನ ನಿಜ, ಆದರೆ ನಮಗೆ ಬರುವುದೆಲ್ಲ ಒರಟು ಎರಕದ ಮಾಲು ಎಂಬುದು ಅವರ ವಾದ.

"ಚಕ್ಕು ಏನ್ ಮಾಡ್ತೈತೆ ಅಂತ ನೋಡ್ಬೇಡ ಸಾಮಿ. ಬರೋ ಕೆಲ್ಸ ಏನ್ ಕೇಳ್ತೈತೆ ನೋಡು" ಅಂದರು. ಯಜಮಾನರು ನನ್ನ ಡಿಪ್ಲೊಮಾದ ಮಾತು ಕೇಳಿ ಮೂರು ದವಡೆಯದನ್ನೇ ತರಿಸಿದರು.

ಮೊದಲು ಬಂದದ್ದು ಹತ್ತಿರದ ಹಳ್ಳಿಯೊಂದರ ಕುಡಿಯುವ ನೀರಿನ ಪಂಪು, ಜೊತೆಗೆ ಅದಕ್ಕೆ ಬೋಲ್ಟಿನಿಂದ ಬಿಗಿಯಬೇಕಾದ ಎರಕದ ಬಳೆ. ಹೊರಮೈ ಒರಟು, ಒಳಬಾಯಿ ಮಾತ್ರ ನುಣ್ಣಗೆ ಕಡೆದದ್ದು. ಊರವರು ವಾರಗಟ್ಟಲೆ ಕಾದು ಎರಕ ಹೊಯ್ಯಿಸಿದ್ದರು, ಇನ್ನೊಂದು ಇರಲಿಲ್ಲ. ಮೇಸ್ತ್ರಿಯ ರೈಲು ಬರುವಷ್ಟರಲ್ಲಿ ಮುಗಿಸಿ ತೋರಿಸಬೇಕೆಂದು ಬೆಳಗ್ಗೆಯೇ ಹೊಸ ಚಕ್ಕಿಗೆ ಕಚ್ಚಿಸಿ ಎಂಟು ತೂತು ಕೊರೆದೆ. ಪಂಪಿಗೆ ಹಿಡಿದು ನೋಡಿದರೆ ಬೋಲ್ಟುಗಳು ಕೂರಲಿಲ್ಲ. ಚಕ್ ಒರಟು ಹೊರಮೈಯನ್ನು ನಡುವಿಗೆ ತಂದಿತ್ತು; ಒಳಬಾಯಿ ಪಕ್ಕಕ್ಕೆ ಸರಿದಿತ್ತು. ಯಜಮಾನರು ನಾಳೆಯಿಂದ ಬರಬೇಡ ಎಂದರು. ಮನೆಯಲ್ಲಿ ಬಸುರಿ ಹೆಂಡತಿ.

ಅಷ್ಟರಲ್ಲಿ ಒಳಬಂದ ಮೇಸ್ತ್ರಿ ಬಳೆಯ ಸುತ್ತ ಹೆಬ್ಬೆರಳು ಓಡಿಸಿದರು. "ಈ ಚಕ್ಕಲ್ಲೇ ಆಯ್ತದೆ, ಕೊರಿ ಅಂತ ನೆನ್ನೆ ನಾನೇ ಯೋಳ್ದೆ ಯಜಮಾನ್ರೇ. ಕಳ್ಸೋದಾದ್ರೆ ಇಬ್ರನ್ನೂ ಕಳ್ಸಿ" ಅಂದರು. ಶುದ್ಧ ಸುಳ್ಳು. ಇಬ್ಬರನ್ನೂ ಕಳಿಸಿದರೆ ವರ್ಕ್‌ಶಾಪಿಗೇ ಬೀಗ ಹಾಕಬೇಕಿತ್ತು; ಯಜಮಾನರು ಗೊಣಗಿಕೊಂಡು ಹೋದರು.

ಮೇಸ್ತ್ರಿ ತಪ್ಪಿದ ತೂತುಗಳಿಗೆ ತಿರುಪು ಕೊರೆದು ಕಬ್ಬಿಣದ ಬಿರಡೆ ಬಿಗಿದು ಮುಚ್ಚಿದರು. ಕಡೆಯುವ ಲೇತ್ ಯಂತ್ರದಲ್ಲಿದ್ದ ಹಳೆಯ ನಾಲ್ಕು ದವಡೆಯ ಚಕ್ಕನ್ನು ಆ ದಿನದ ಮಟ್ಟಿಗೆ ಬಿಚ್ಚಿ ಟೇಬಲ್ಲಿಗೆ ಕೂರಿಸಿ ಕೀಲಿಯನ್ನು ನನ್ನ ಕೈಗೇ ಕೊಟ್ಟರು. ಒಳಬಾಯಿಯ ಅಂಚಿಗೆ ಸೂಜಿಯೊಂದನ್ನು ನಿಲ್ಲಿಸಿ ಮೇಜು ತಿರುಗಿಸಬೇಕು. ಸೂಜಿಗೂ ಅಂಚಿಗೂ ನಡುವಿನ ಸಂದು ಸುತ್ತಲೂ ಒಂದೇ ಆಗುವವರೆಗೆ ಒಂದು ದವಡೆ ಸಡಿಲಿಸಿ ಎದುರಿನದನ್ನು ಬಿಗಿಯಬೇಕು. ಮಧ್ಯಾಹ್ನದವರೆಗೆ ಅದೇ ಆಯಿತು. ಮೇಸ್ತ್ರಿ ಒಮ್ಮೆಯೂ ಗದರಲಿಲ್ಲ. ಆಮೇಲೆ ಎಂಟು ತೂತನ್ನೂ ಹೊಸದಾಗಿ ಕೊರೆದೆ. ಸಂಜೆಗೆ ಎಂಟೂ ಬೋಲ್ಟು ಕೂತವು, ಮಾರನೆಯ ದಿನ ಆ ಹಳ್ಳಿಗೆ ನೀರು ಬಂತು.

ಆ ಸುಳ್ಳಿನ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ನಾಲ್ಕೈದು ವರ್ಷದ ಮೇಲೆ ಅವರು ತೀರಿಕೊಂಡಾಗ ವರ್ಕ್‌ಶಾಪಿನಲ್ಲಿ ಅವರ ಜಾಗ ನನ್ನದಾಗಿತ್ತು. ಮಾರಿಕುಪ್ಪಂಗೆ ಹೋಗಿ ಅವರ ಹೆಂಡತಿಯ ಮುಂದೆ ಕೂತು, ಅವತ್ತು ಅವರು ಕೊರೆ ಅಂದಿರಲೇ ಇಲ್ಲ, ತಪ್ಪೆಲ್ಲ ನನ್ನದೇ ಎಂದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕರು.

"ಗೊತ್ತಪ್ಪ. ನೀನು ಒಂದಿನ ಬಂದು ಯೋಳ್ತೀಯ ಅಂತ್ಲೂ ಅವ್ರು ಯೋಳಿದ್ರು."